ಆವಿನ ಮದ್ದು

ಒಳ್ಳೇದು ಮಾಡಲು ಹೊರಟವನಿಗೆ ನಗೆಪಾಟಲು ತಪ್ಪಿದ್ದಲ್ಲ. ನನ್ನ ಪಾಲಿಗಂತೂ ಅದು ಸಂಬಳದ ಜೊತೆಗೇ ಬರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ಹೆಣ್ಣು ನೋಡಲು ಹೋದದ್ದು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಕೋಲಾರದಲ್ಲಿ ಓದು ಮುಗಿಸಿದಾಗ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಗುವಂತಿತ್ತು. ಬಿಟ್ಟೆ. ಬೇಸಿಗೆ ಬಂತೆಂದರೆ ಸಿಡುಬು ಮಕ್ಕಳನ್ನು ಬಾಚಿಕೊಂಡು ಹೋಗುತ್ತಿದ್ದ ಕಾಲ. ಲೇಖನಿಗಿಂತ ಸೂಜಿಯಿಂದ ಹೆಚ್ಚು ಜನ ಬದುಕುತ್ತಾರೆಂದು, ಹಳ್ಳಿ ಹಳ್ಳಿ ತಿರುಗಿ ದಾಕು, ಅಂದರೆ ಸಿಡುಬು ಬಾರದಂತೆ ತಡೆಯುವ ಚುಚ್ಚುಮದ್ದು, ಹಾಕುವ ಕೆಲಸಕ್ಕೆ ಸೇರಿದೆ. ಅಪ್ಪ ಮಾತು ಬಿಟ್ಟರು.

ಶ್ರೀನಿವಾಸಪುರದಲ್ಲಿ ಹೆಣ್ಣು ನೋಡಲು ಹೋದೆವು. ಹುಡುಗಿ ನನಗೆ ಬಹಳ ಹಿಡಿಸಿದ್ದಳು. ಅವಳ ತಂದೆ ಉಪ್ಪಿಟ್ಟು ಕೊಡಿಸಿ ಕೇಳಿದರು: “ಸಂಬಳದ ಮೇಲೆ ಏನಾದ್ರೂ ಬರ್ತದಾ?”

“ಬರ್ತದೆ,” ಎಂದೆ.

ಅವರ ಮುಖ ಅರಳಿತು. “ಏನು ಬರ್ತದೆ?”

“ಕೆಲವು ಊರಲ್ಲಿ ಕಲ್ಲು ಬರ್ತದೆ.”

ನಾನು ಬಿಟ್ಟ ಗುಮಾಸ್ತೆ ಕೆಲಸ ಯಾರಿಗೆ ಸಿಕ್ಕಿತೋ, ಆ ಹುಡುಗಿಯೂ ಅವನಿಗೇ ಸಿಕ್ಕಿದಳು.

ಮಾಲೂರಿನ ಸಾಹುಕಾರರು

ಮಾಲೂರಿನಲ್ಲಿ ದಾನಕ್ಕೆ ಹೆಸರಾದ ಸಾಹುಕಾರರೊಬ್ಬರಿದ್ದರು. ಬೇಸಿಗೆಗೆ ಒಂದು ಎತ್ತಿನ ಗಾಡಿ ಕೊಡಿಸಿದರೆ ಮದ್ದು ಕೆಡುವ ಮುಂಚೆ ದೂರದ ಹಳ್ಳಿಗಳಿಗೂ ಮುಟ್ಟಿಸಬಹುದೆಂದು ಬೇಡಿಕೊಂಡೆ.

“ಆಗಲಿ ಸ್ವಾಮಿ. ನನ್ ಹೆಸರೆಲ್ಲಿ ಹಾಕಿಸ್ತೀರಾ?”

“ಇದು ತೋಳಿಗೆ ಚುಚ್ಚೋದು ಸಾವ್ಕಾರ್ರೇ. ಕಲೆ ಒಂದೇ ಉಳಿಯೋದು.”

ಅವರು ಗಂಭೀರವಾಗಿ ಯೋಚಿಸಿ, “ಆ ಕಲೇನೇ ನನ್ ಹೆಸರಿನ ಮೊದಲಕ್ಷರದ ಥರ ಚುಚ್ಚೋಕಾಗುತ್ತಾ?” ಎಂದರು.

ನಾನು ನಕ್ಕುಬಿಟ್ಟೆ. ಅಲ್ಲೇ ಕೆಟ್ಟಿತು. ಗಾಡಿಗೆ ಬರಬೇಕಿದ್ದ ದುಡ್ಡು ದೇವಸ್ಥಾನದ ಹೆಬ್ಬಾಗಿಲಾಯಿತು. ಅದರ ಮೇಲೆ ದೇವರ ಹೆಸರಿಗಿಂತ ಇವರ ಹೆಸರೇ ದಪ್ಪ. ಪೆಟ್ಟಿಗೆ ಹೊತ್ತು ನಡೆಯುವಾಗಲೆಲ್ಲ ಅನ್ನಿಸುತ್ತಿತ್ತು, ‘ಆಗುತ್ತೆ’ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಅಜ್ಜಿಯ ಹಟ

ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರದ ಕಡೆಯ ಒಂದು ಹಳ್ಳಿ. ಅಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಸೂಜಿ ಕಂಡು ಜನ ಹಿಂಜರಿದರು. ಒಬ್ಬ ಅಜ್ಜಿ ಮೊಮ್ಮಗನನ್ನು ಸೆರಗಿನಲ್ಲಿ ಮರೆಮಾಡಿಕೊಂಡು, “ಯಾತರ ಮದ್ದು ಸ್ವಾಮಿ ಇದು?” ಎಂದಳು.

ಆ ಮದ್ದನ್ನು ತೆಗೆಯುತ್ತಿದ್ದುದು ಹಸುವಿನ ಕರುವಿನಿಂದ. ಹಸುವಿನ ಹೆಸರನ್ನು ಅವರ ಮನೆಮಾತಿನಲ್ಲೇ ಹೇಳಿದರೆ ಒಲಿಯುತ್ತಾರೆಂದು, ನನಗೆ ಬರುತ್ತಿದ್ದ ಅಷ್ಟಿಷ್ಟು ತೆಲುಗಿನಿಂದ ಒಂದು ಪದ ತೆಗೆದು ಕನ್ನಡಕ್ಕೆ ಸೇರಿಸಿದೆ: “ಹೆದರಬೇಡಿ, ಇದು ಆವಿನ ಮದ್ದು!”

ತೆಲುಗಿನಲ್ಲಿ ಆವು ಎಂದರೆ ಹಸು. ಆದರೆ ನಮ್ಮ ಹಳ್ಳಿಯವರು ಕನ್ನಡ ಆಡುವಾಗ ಹಾವನ್ನೇ ‘ಆವು’ ಎನ್ನುತ್ತಾರೆ.

“ಅಯ್ಯಯ್ಯೋ, ಮಕ್ಕಳಿಗೆ ಆವಿನ ವಿಸ ಚುಚ್ತಾನಂತೆ!”

ಬೀದಿ ಖಾಲಿ. “ಹಸು ಕಣ್ರಮ್ಮಾ, ಹಸು!” ಎಂದು ಕೂಗುತ್ತಾ ಊರೆಲ್ಲ ಓಡಾಡಿದೆ. ಒಂದು ಬಾಗಿಲೂ ತೆರೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಊರಿಗೆ ಸಿಡುಬು ಬಂತು. ಅಜ್ಜಿಯ ಮೊಮ್ಮಗ ಉಳಿಯಲಿಲ್ಲ. ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಆ ಹಾಳು ಪದ ಆಡದೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು.

ಮತ್ತೆ ಆ ಊರಿಗೆ ಹೋದಾಗ ಅಜ್ಜಿಯೇ ಮೊಮ್ಮಗಳ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಈ ಸಲ ಎಚ್ಚರದಿಂದ, “ಅಜ್ಜಿ, ಇದು ಹಸೂದು. ಹಾವಿಂದಲ್ಲ,” ಎಂದೆ.

ಅಜ್ಜಿ ಮಗುವಿನ ತೋಳನ್ನು ಹಿಂದಕ್ಕೆಳೆದುಕೊಂಡಳು.

“ನನ್ ಮೊಮ್ಮಗನ್ನೇ ತಕಂಡೋದ ಸಿಡುಬು ಅದು. ಅದನ್ನ ತಡೆಯಾಕೆ ಹಸು ಕೈಲಾಯ್ತದಾ ಸ್ವಾಮಿ? ಬಡವರು ಅಂತ ಮೋಸ ಮಾಡಬ್ಯಾಡಿ. ಅವತ್ತು ತಂದಿದ್ರಲ್ಲ, ಆವಿಂದು, ಅದೇ ಹಾಕಿ.”

ಅವಳ ಕಣ್ಣೆದುರೇ ಪೆಟ್ಟಿಗೆ ಮುಚ್ಚಿ, ಮತ್ತೆ ತೆರೆದು, ಅದೇ ಮದ್ದನ್ನು ಕೈಗೆತ್ತಿಕೊಂಡೆ.

“ಆಯ್ತಜ್ಜಿ,” ಎಂದೆ, “ಇದು ಆವಿಂದೇ.”