ಆರು ಸೆಲ್ಲಿನ ಪ್ರಾಣ

ಶಿವಶಂಕರಪ್ಪನವರು ವಿಡಿಯೋ ಗೇಮಿನ ಹದಿನಾಲ್ಕು ಕ್ಯಾಸೆಟ್ಟುಗಳನ್ನು ಕೊಂಡಿದ್ದರು. ಒಂದನ್ನೂ ಕೊನೆ ಮುಟ್ಟಿಸಿರಲಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ, ನಲವತ್ತಮೂರು ವರ್ಷದ, ನಗುವನ್ನು ಹಬ್ಬಕ್ಕೆಂದು ಎತ್ತಿಟ್ಟ ಗಂಭೀರ ಮನುಷ್ಯ ಅವರು. ನೆಹರೂ ರಸ್ತೆಯ ಅಂಗಡಿಯಲ್ಲಿ ಹೊಸ ಕ್ಯಾಸೆಟ್ಟನ್ನು ಜೇಬಿಗಿಳಿಸಿ ಹೊರಟರೆ ಗೋಪಿ ಸರ್ಕಲ್ ದಾಟುವಷ್ಟರಲ್ಲಿ ಪಶ್ಚಾತ್ತಾಪ ಮೊಳೆಯುತ್ತಿತ್ತು. ವಿನೋಬನಗರದ ಮನೆ ಮುಟ್ಟುವಾಗ ಅದಕ್ಕೆ ಹೂವು ಕಾಯಿ ಎಲ್ಲವೂ ಬಂದಿರುತ್ತಿದ್ದವು. ಮೂರನೆಯ ಹಂತದಲ್ಲೋ ಐದನೆಯದರಲ್ಲೋ ಬೇಸರ ಹತ್ತುತ್ತಿತ್ತು. ಆ ಬೇಸರ ನೀಗಲು ಮತ್ತೊಂದನ್ನು ಕೊಳ್ಳುತ್ತಿದ್ದರು.

"ಸೋಮವಾರ ಸ್ಟೀಲ್ ಪಾತ್ರೆಯೋನು ಬರ್ತಾನೆ," ಎಂದಿದ್ದರು ಪತ್ನಿ ದಾಕ್ಷಾಯಣಿ. "ಹಳೇ ಸೀರೆ ಜೊತೆ ನಿಮ್ಮ ಡಬ್ಬಿಗಳನ್ನೂ ಕೊಟ್ಟು ಇಡ್ಲಿ ಪಾತ್ರೆ ತಗೋತೀನಿ."

"ಒಂದಾದ್ರೂ ಮುಗಿಸ್ತೀನಿ, ಸ್ವಲ್ಪ ತಡಿ."

"ನೀವಾ?" ದಾಕ್ಷಾಯಣಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನೋಡಿದರು. "ಭಾನುವಾರ ಕಳೆಯೋದ್ರೊಳಗೆ ಒಂದೇ ಒಂದು ಮುಗಿಸಿ. ಹದಿನಾಲ್ಕನ್ನೂ ನಾನೇ ಒರೆಸಿ ಶೋಕೇಸಲ್ಲಿಡ್ತೀನಿ."

ಇಡ್ಲಿ ಪಾತ್ರೆಗೆ ಅವರು ಅಂಜಲಿಲ್ಲ. ಆದರೆ ಆ 'ನೀವಾ' ಎಂಬ ಮಾತು ಅಂಗಾಲಿಗೆ ಹೊಕ್ಕ ಮುಳ್ಳಿನಂತೆ ಶನಿವಾರವೆಲ್ಲ ನೋಯಿಸಿತು.

ಭಾನುವಾರ ಬೆಳಗಿನ ಐದಕ್ಕೇ ಆಟಕ್ಕೆ ಕುಳಿತರು. ನೀಲಿ ಅಂಗಿಯ ಪುಟ್ಟ ಯೋಧನೊಬ್ಬ ಎಂಟು ಕೋಟೆಗಳನ್ನು ದಾಟಿ, ಸೆರೆಯಲ್ಲಿದ್ದ ಹುಡುಗಿಯನ್ನು ಬಿಡಿಸಬೇಕು. ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಶಿವಶಂಕರಪ್ಪನವರು ಜೀವಮಾನದಲ್ಲಿ ಮೊದಲ ಬಾರಿಗೆ ಎಂಟನೆಯ ಕೋಟೆಯಲ್ಲಿದ್ದರು. ಯೋಧನಿಗೆ ಉಳಿದಿದ್ದುದು ಒಂದೇ ಪ್ರಾಣ.

ಆಗ ಪಕ್ಕದ ಮನೆಯ ನಿವೃತ್ತ ಸಂಸ್ಕೃತ ಪಂಡಿತರಾದ ನರಸಿಂಹಮೂರ್ತಿಗಳು ಚಪ್ಪಲಿ ಸಮೇತ ಒಳಗೆ ನುಗ್ಗಿದರು. "ಒಂಬತ್ತಕ್ಕೆ ಊರಿಗೆ ಊರೇ ಕರೆಂಟ್ ಹೋಗುತ್ತಂತೆ ಮಾರಾಯ್ರೆ! ರಾತ್ರಿ ಹತ್ತರ ತನಕ ಇಲ್ಲ, ಲೈನ್‌ಮನ್ ಹೇಳಿದ. ಟಿವಿ ಸುಟ್ಟೀತು, ಆರಿಸಿ!"

ಬೆಚ್ಚಿ ಬಾಗಿಲತ್ತ ತಿರುಗಿದ ಶಿವಶಂಕರಪ್ಪನವರು ಹೆಬ್ಬೆರಳು ಒತ್ತಿ ಆಟವನ್ನು ತಡೆದರು. ಪಂಡಿತರು ಪರೋಪಕಾರದ ಭರದಲ್ಲಿ ತಾವೇ ಟಿವಿಯ ಗುಂಡಿ ತಿರುಗಿಸಿದರು. ಆಟದ ಪೆಟ್ಟಿಗೆಯ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಅದು ಒಂದು ಕ್ಷಣ ಆರಿದರೂ ಯೋಧ ಮೊದಲ ಕೋಟೆಯ ಮೊದಲ ಮೆಟ್ಟಿಲಿಗೆ ಮರಳಬೇಕಾಗಿತ್ತು.

ಶಿವಶಂಕರಪ್ಪನವರು ಎದುರುಮನೆಯ ರೇಡಿಯೋ ರಿಪೇರಿ ಜಯಪ್ಪನನ್ನು ಹಲ್ಲುಜ್ಜುತ್ತಿದ್ದವನನ್ನೇ ಎಳೆದು ತಂದರು. ಮೂರು ಮನೆಗಳ ಟಾರ್ಚುಗಳನ್ನು ಬಿಚ್ಚಿ ಆರು ಸೆಲ್ಲುಗಳನ್ನು ಕೂಡಿಸಲಾಯಿತು. ಜಯಪ್ಪ ಅವುಗಳನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ, ವೈರು ಸುಲಿದು, ಕರೆಂಟು ಇರುವಾಗಲೇ ಪೆಟ್ಟಿಗೆಗೆ ಬೆಸೆದ. ಫ್ಯಾನು ನಿಂತಿತು. ಕೆಂಪು ದೀಪ ಆರಲಿಲ್ಲ.

"ಹಳೇ ಸೆಲ್ಲು ಸಾರ್. ಎರಡು ಗಂಟೆ ಗ್ಯಾರಂಟಿ. ಆಮೇಲೆ ದೇವರ ಇಚ್ಛೆ," ಎಂದ ಜಯಪ್ಪ.

"ಭದ್ರಾವತಿಗೆ ನನ್ನ ತಮ್ಮ ರೇಣುಕನ ಮನೆಗೆ ಹೋಗಿ," ಎಂದರು ದಾಕ್ಷಾಯಣಿ. "ಫ್ಯಾಕ್ಟರಿ ಕ್ವಾರ್ಟರ್ಸಲ್ಲಿ ಕರೆಂಟ್ ಹೋಗಲ್ಲ. ಸೋತ್ರೂ ಊಟಕ್ಕೆ ತೊಂದ್ರೆ ಇಲ್ಲ."

ಹೀಗೆ ಶಿವಶಂಕರಪ್ಪನವರು ಆಗತಾನೆ ಹುಟ್ಟಿದ ಕೂಸನ್ನು ಎತ್ತಿಕೊಂಡವರಂತೆ ಪೆಟ್ಟಿಗೆಯನ್ನು ಶಾಲಿನಲ್ಲಿ ಸುತ್ತಿ ಭದ್ರಾವತಿಯ ಬಸ್ಸು ಹತ್ತಿದರು.

ಪಕ್ಕದ ಸೀಟಿನಲ್ಲಿದ್ದ ಸತ್ಯಭಾಮಮ್ಮ ಎಂಬ ವೃದ್ಧೆ ಶಾಲಿನೊಳಗೆ ಇಣುಕಿದರು. "ಏನಪ್ಪಾ ಅದು, ಕೆಂಪಗೆ ಉರೀತಿದೆ?"

ಈ ವಯಸ್ಸಿನಲ್ಲಿ ಆಟದ ಸಾಮಾನೆಂದು ಹೇಳಲು ಅವರಿಗೆ ನಾಚಿಕೆ. ಸುಳ್ಳಾಡುವ ಅಭ್ಯಾಸವೂ ಇಲ್ಲ. "ಮುಟ್ಬೇಡಿ ಅಮ್ಮಾ. ವೈರು ಅಲುಗಿದ್ರೆ ಅವನು ಹೋದ."

"ಅಯ್ಯೋ ಶಿವನೇ! ಯಾರು?"

"ಒಬ್ಬ. ಭದ್ರಾವತಿ ಸೇರೋ ತನಕ ಈ ದೀಪ ಆರಬಾರ್ದು."

"ವಯಸ್ಸಾದವ್ರಾ?"

"ಇಲ್ಲ, ಚಿಕ್ಕೋನು."

"ಮದುವೆ?"

"ಒಬ್ಳು ಕಾಯ್ತಿದಾಳೆ," ಎಂದರು ಶಿವಶಂಕರಪ್ಪನವರು. ಅದೂ ಸತ್ಯವೇ.

ಸತ್ಯಭಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸುದ್ದಿಯನ್ನು ಹಿಂದಿನ ಸೀಟಿಗೆ ದಾಟಿಸಿದರು. ಅದು ಕಂಡಕ್ಟರನನ್ನು ತಲಪುವಷ್ಟರಲ್ಲಿ ಪೆಟ್ಟಿಗೆ ಬೆಂಗಳೂರಿನಿಂದ ತರಿಸಿದ ಹೃದಯದ ಯಂತ್ರವಾಗಿತ್ತು.

"ಮೂರ್ತಪ್ಪಾ! ಯಾವ ಸ್ಟಾಪಲ್ಲೂ ನಿಲ್ಲಿಸ್ಬೇಡ, ಹಾರ್ನ್ ಹೊಡ್ಕಂಡು ನಡಿ! ಪೇಶೆಂಟ್ ಮಿಷನ್ ಐತೆ!" ಎಂದು ಕಂಡಕ್ಟರು ಡ್ರೈವರಿಗೆ ಕೂಗಿದ.

ಬಸ್ಸು ಕೊಂಬಿಗೆ ಬೆಂಕಿ ತಗುಲಿದ ಎತ್ತಿನಂತೆ ಧಾವಿಸಿತು. ನಡುದಾರಿಯಲ್ಲಿ ಇಳಿಯಬೇಕಾಗಿದ್ದ ಆರೇಳು ಮಂದಿ ತಮ್ಮ ಊರುಗಳು ಹಿಂದೆ ಸರಿಯುವುದನ್ನು ಕಿಟಕಿಯಿಂದ ನೋಡುತ್ತ ತ್ಯಾಗ ಮಾಡಿದರು. "ಪರ್ವಾಗಿಲ್ಲ ಬಿಡ್ರಿ, ಜೀವ ದೊಡ್ಡದು," ಎಂದನೊಬ್ಬ, ಮಡಿಲಲ್ಲಿ ಕೋಳಿ ಹಿಡಿದುಕೊಂಡು. ಶಿವಶಂಕರಪ್ಪನವರು ನಿಜ ಹೇಳಲೆಂದು ಎರಡು ಬಾರಿ ಬಾಯಿ ತೆರೆದರು. ಎರಡು ಬಾರಿಯೂ ಯಾರೋ ಅವರ ಬಾಯಿಗೆ ನೀರಿನ ಬಾಟಲಿ ಇಟ್ಟು ಸಮಾಧಾನ ಹೇಳಿದರು.

ಬಸ್ಸು ನೇರವಾಗಿ ಆಸ್ಪತ್ರೆಯೊಂದರ ಗೇಟಿಗೆ ಹೋಗಿ ನಿಂತಿತು.

"ಇಲ್ಲಲ್ಲ," ಎಂದು ತೊದಲಿದರು ಅವರು. "ಕ್ವಾರ್ಟರ್ಸಿಗೆ. ಮನೆಗೆ."

ಬಸ್ಸಿನಲ್ಲಿ ನಿಟ್ಟುಸಿರು ಹರಡಿತು. "ಡಾಕ್ಟರು ಕೈ ಬಿಟ್ಟು ಮನೆಗೆ ಕಳ್ಸಿದಾರೆ," ಎಂದು ಸತ್ಯಭಾಮಮ್ಮ ವಿವರಿಸಿದರು. ಮೂರ್ತಪ್ಪ ಬಸ್ಸನ್ನು ಕ್ವಾರ್ಟರ್ಸಿನ ಕಿರುದಾರಿಗೆ ತಿರುಗಿಸಿದ.

ಬನಿಯನ್ನಿನಲ್ಲಿ ಪೇಪರು ಓದುತ್ತಿದ್ದ ರೇಣುಕಾಪ್ರಸಾದ್ ತನ್ನ ಅಂಗಳಕ್ಕೆ ಬಸ್ಸೊಂದು ಬಂದು, ಅದರಿಂದ ಭಾವನೂ, ಅಳುವ ಮುದುಕಿಯೂ, ಟೋಪಿ ಕೈಯಲ್ಲಿ ಹಿಡಿದ ಕಂಡಕ್ಟರೂ ಇಳಿಯುವುದನ್ನು ಕಂಡು ಎದ್ದು ನಿಂತ. ಉಳಿದವರು ಇಳಿದು ಮನೆಯ ಕಿಟಕಿಯ ಸರಳುಗಳ ಹೊರಗೆ ಕೈಮುಗಿದು ನಿಂತರು.

"ಮಾತಾಡ್ಬೇಡ, ಟಿವಿ ಹಾಕು!" ಎಂದರು ಶಿವಶಂಕರಪ್ಪನವರು.

ಕೆಂಪು ದೀಪ ಆಗಲೇ ಮಂಕಾಗಿತ್ತು. ಕರೆಂಟಿನ ವೈರು ಕೂಡಿಸಿದರು. ದೀಪ ಮತ್ತೆ ಹೊಳೆಯಿತು. ಆರು ಮುದಿ ಸೆಲ್ಲುಗಳು ತಮ್ಮ ಕೆಲಸ ಪೂರೈಸಿದ್ದವು. ಟಿವಿಯ ಮಂಜು ಸರಿದು, ಎಂಟನೆಯ ಕೋಟೆ ಮೂಡಿತು.

ನೀಲಿ ಅಂಗಿಯ ಯೋಧ ಸೇತುವೆಯ ಮೇಲಿರಲಿಲ್ಲ. ಸೇತುವೆಯ ಅಂಚಿಗಿಂತ ಒಂದು ಗೇಣು ಕೆಳಗೆ, ಎರಡೂ ಕೈ ಮೇಲೆತ್ತಿ, ಗಾಳಿಯಲ್ಲಿ ನಿಂತಿದ್ದ. ಅವನ ಕೆಳಗೆ ಬೆಂಕಿಯ ಕಂದಕವಲ್ಲದೆ ಬೇರೇನೂ ಇರಲಿಲ್ಲ. ಪಂಡಿತರ ಕೂಗಿಗೆ ಮುಖ ತಿರುಗಿಸಿದ ಗಳಿಗೆಯಲ್ಲಿ ಅವನು ಜಾರಿದ್ದ. ಹೆಬ್ಬೆರಳು ತಡೆದು ನಿಲ್ಲಿಸಿದ್ದು ಬೀಳುತ್ತಿದ್ದವನನ್ನು.

ಶಿವಶಂಕರಪ್ಪನವರು ಬಹಳ ಹೊತ್ತು ಗುಂಡಿ ಒತ್ತಲಿಲ್ಲ. ಒತ್ತದಿದ್ದಷ್ಟು ಕಾಲ ಅವನಿದ್ದ.

"ಹೆಂಗಿದಾನಪ್ಪಾ ಹುಡ್ಗ?" ಸತ್ಯಭಾಮಮ್ಮ ಪಿಸುಗುಟ್ಟಿದರು. ಅವರು ಒಳಕೋಣೆಯ ಬಾಗಿಲನ್ನೇ ನೋಡುತ್ತಿದ್ದರು.

"ನಾವು ಹೊರಡೋಕೆ ಮುಂಚೆನೇ ಹೋಗಿದ್ದ ಅಮ್ಮಾ," ಎಂದರು ಅವರು. "ನಾನು ನೋಡಿರ್ಲಿಲ್ಲ."

ಗುಂಡಿ ಒತ್ತಿದರು. ಯೋಧ ಬಿದ್ದ. ಅಗ್ಗದ ಶೋಕಸಂಗೀತ ನಾಲ್ಕು ಸ್ವರ ನುಡಿದು ನಿಂತಿತು.

ಕಂಡಕ್ಟರು ಟಿವಿಯನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಅವನ ಕತ್ತಿನ ನರಗಳು ಉಬ್ಬಿದವು. ಅವನು ಗರ್ಜಿಸಲೆಂದು ಬಾಯಿ ತೆರೆಯುವುದರೊಳಗೆ ಸತ್ಯಭಾಮಮ್ಮನ ಅಳು ಕಿಟಕಿಯಾಚೆ ತಲಪಿ, ಹೊರಗೆ ನಲವತ್ತು ಮಂದಿ ತಲೆ ತಗ್ಗಿಸಿದರು. ಕೋಳಿಯವನು ಬಿಕ್ಕಳಿಸುತ್ತಿದ್ದ. ಆರು ಸ್ಟಾಪು ತಪ್ಪಿಸಿ ತಮ್ಮನ್ನು ಇಲ್ಲಿಗೆ ತಂದದ್ದು ಯಾತಕ್ಕೆಂದು ಇವರಿಗೆ ಈಗ ತಿಳಿದರೆ ಮೊದಲ ಏಟು ಯಾರಿಗೆ ಬೀಳುವುದೆಂದು ಕಂಡಕ್ಟರು ಯೋಚಿಸಿದ, ಬಾಯಿ ಮುಚ್ಚಿಕೊಂಡ.

ರೇಣುಕಾಪ್ರಸಾದ್ ದಿಕ್ಕು ತೋಚದೆ ಕಾಫಿ ತಂದ. ಸತ್ಯಭಾಮಮ್ಮ ಲೋಟವನ್ನು ಕೈಯಿಂದ ತಡೆದರು. "ಸಾವಿನ ಮನೆ ಕಣಪ್ಪಾ. ಮೊದ್ಲು ತಲೆಗೆ ನೀರು ಹಾಕ್ಕಂಡು ಬನ್ನಿ, ಎಲ್ರೂ."

ಶಿವಶಂಕರಪ್ಪನವರ ಮನೆತನದಲ್ಲಿ ಸೂತಕವೆಂಬುದಿಲ್ಲ. ಆದರೂ ಅವರು ಎದ್ದರು. ಬಚ್ಚಲಿಗೆ ಹೋಗಿ, ತಣ್ಣೀರನ್ನು ಚೊಂಬು ಚೊಂಬಾಗಿ ತಲೆಯ ಮೇಲೆ ಸುರಿದುಕೊಂಡರು. ಬಾಗಿಲ ಹೊರಗೆ, ರೇಣುಕಾಪ್ರಸಾದನಿಂದ ಟವೆಲ್ಲು ಕೇಳಿ ಪಡೆದ ಕಂಡಕ್ಟರು, ಗಂಭೀರವದನನಾಗಿ ತನ್ನ ಸರದಿಗಾಗಿ ಕಾಯುತ್ತಿದ್ದ.