ಮೂರರಲ್ಲೊಂದು ಪಾಲು ಹೊಟ್ಟೆ

ಹೊಟ್ಟೆ ಕೊಯ್ಸಿಕೊಂಡವನಿಗೆ ನಗು ಬರುವ ಸಂಗತಿ ದಿನಕ್ಕೊಂದಾದ್ರೂ ಆಗ್ತದೆ. ಕಷ್ಟ ಎಂತ ಅಂದ್ರೆ, ನಗ್ಲಿಕ್ಕೆ ಹೋದ್ರೆ ಹೊಲಿಗೆ ಎಳೀತದೆ.

ಮದ್ರಾಸಲ್ಲಿ ಟ್ರಾಂ ನಿಂತು ಆರೇಳು ವರ್ಷ ಆಗಿತ್ತು, ನಾನು ಕಾಲೇಜು ಬಿಟ್ಟು ಎರಡು ವರ್ಷ. ಕಾಲೇಜಲ್ಲಿ ನಾನು ಕಲಿತದ್ದು ಎರಡೇ ಸಬ್ಜೆಕ್ಟು: ಖಾಲಿ ಹೊಟ್ಟೆಗೆ ಕಾಫಿ, ಕಾಫಿ ಮೇಲೆ ಸಿಗರೇಟು. ಎರಡರಲ್ಲೂ ಫಸ್ಟ್ ಕ್ಲಾಸು. ಬಹುಮಾನಕ್ಕೆ ಹೊಟ್ಟೇಲಿ ಹುಣ್ಣು ಬಂತು. ಅದು ಒಡೆದು ರಕ್ತ ಕಾರಿದ ದಿನ ಡಾಕ್ಟರು ನನ್ನ ಹೊಟ್ಟೆಯ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದ್ರು. ನೂರ ಅರವತ್ತು ಪೌಂಡಿನ ಗುಂಡಣ್ಣ ಆಗಿದ್ದೆ. ಎಲ್ಲ ಮುಗಿಯುವಾಗ ನೂರ ನಾಲ್ಕು. ಏನು ತಿಂದ್ರೂ ತೊಳಸಿಕೊಂಡು ವಾಪಸು.

ಡಾಕ್ಟರು ಹೇಳಿದ್ರು: "ಆರು ವಾರ ಟೈಮು. ಎಂಟು ಪೌಂಡು ಏರ್ಬೇಕು. ಇಲ್ಲಾಂದ್ರೆ ಇನ್ನೊಂದು ಸಲ ಓಪನ್ ಮಾಡಿ ನೋಡ್ಬೇಕಾಗ್ತದೆ."

ಟ್ರಂಕು ತೆಗೆದು ನೋಡಿದ ಹಾಗೆ! ನನ್ನ ಪಕ್ಕದ ಮಂಚದ ಟೈಲರನನ್ನೂ ಹೀಗೇ ಎರಡನೇ ಸಲ ಓಪನ್ ಮಾಡ್ಲಿಕ್ಕೆ ಕರ್ಕೊಂಡು ಹೋಗಿದ್ರು. ಹೋಗುವಾಗ ಅವನು, "ತಂಬಿ, ಚಪ್ಪಲಿ ಸ್ವಲ್ಪ ನೋಡ್ಕೋ" ಅಂದಿದ್ದ. ಎರಡು ದಿನ ನೋಡ್ಕೊಂಡೆ. ಮೂರನೇ ದಿನ ಅವನ ಹೆಂಡತಿ ಬಂದು ಚಪ್ಪಲಿ ತಗೊಂಡು ಹೋದ್ಲು.

ಹಾಗಾಗಿ ಎಂಟು ಪೌಂಡು ಅಂದ್ರೆ ನನಗೆ ತಮಾಷೆ ಅಲ್ಲ. ಆದ್ರೆ ನಾನಿದ್ದದ್ದು ಎಲ್ಲಿ? ಮೈಲಾಪುರದಲ್ಲಿ, ಸೋದರಮಾವನ ಉಡುಪಿ ಹೋಟೆಲಿನ ಮಹಡಿ ಮೇಲೆ. ಒಗ್ಗರಣೆ ವಾಸನೆಗೇ ವಾಂತಿ ಬರುವವನಿಗೆ ದೇವರು ಹುಡುಕಿ ಹುಡುಕಿ ಕೊಟ್ಟ ಜಾಗ.

ಒಂದು: ಬೆಂಚು

ಡಾಕ್ಟರ ಕಾನೂನು ಮೂರು. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ತಿನ್ಬೇಕು. ತಿನ್ನುವಾಗ ನೀರು ಕುಡೀಬಾರದು. ತಿಂದ ಕೂಡ್ಲೆ ಅರ್ಧ ಗಂಟೆ ಮಲಗ್ಬೇಕು.

ತಿಂದು ಮಹಡಿ ಹತ್ತುವಷ್ಟರಲ್ಲಿ ಅರ್ಧ ಮೆಟ್ಟಲಲ್ಲೇ ಎಲ್ಲ ಹೊರಗೆ ಬರ್ತಿತ್ತು. ಅಡಿಗೆಮನೇಲಿ ಮಲಗಿದ್ರೆ ಎಣ್ಣೆ ವಾಸನೆ. ಕೊನೆಗೆ ಮಾವನೇ, "ಮುಂದೆ ಫ್ಯಾನ್ ಕೆಳಗೆ ಬೆಂಚು ಉಂಟಲ್ಲ, ಅಲ್ಲೇ ಬಿದ್ಕೊ" ಅಂದ್ರು.

ಬಿದ್ಕೊಂಡೆ. ಮೂಳೆ ಚಕ್ಕಳ, ಮುಖ ಬಿಳಿ, ಬಾಯಿ ಅರ್ಧ ತೆರೆದದ್ದು, ಹಣೆಯಲ್ಲಿ ಬೆವರು. ಹತ್ತು ಗಂಟೆಗೆ ಕೋರ್ಟಿನ ಗುಮಾಸ್ತರೊಬ್ರು ಒಳಗೆ ಬಂದ್ರು, ದಿನಾ ಬರುವ ಗಿರಾಕಿ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ್ರು.

"ಅಯ್ಯೋ, ಎನ್ನಾಚ್ಚು ಇವರಿಗೆ?"

ನಮ್ಮ ಸಪ್ಲೈಯರ್ ಹರಿಶ್ಚಂದ್ರನ ತುಂಡು. "ಏನಿಲ್ಲ ಸಾರ್, ಈಗಷ್ಟೇ ನಮ್ಮಲ್ಲಿ ಎರಡು ಇಡ್ಲಿ ತಿಂದ್ರು" ಅಂದ.

ಗುಮಾಸ್ತರು ಛತ್ರಿ ಬಿಚ್ಚಿ ಹೊರಟೇಬಿಟ್ರು. ಅವರ ಹಿಂದೆ ಇನ್ನಿಬ್ರು. ಮಾವ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ನನ್ನ ತಲೆ ಹತ್ರ ನಿಂತ್ರು. ಪಾಪ, ಹಣೆ ಒರೆಸ್ತಾರೇನೋ ಅಂದ್ಕೊಂಡೆ.

"ಮಾರಾಯ," ಅಂದ್ರು, "ನಾಳೆಯಿಂದ ಎದುರಿನ ಹೋಟೆಲಿಗೆ ಹೋಗಿ ಮಲಗು."

ಎರಡು: ಮಾಮಿ

ಎದುರು ಮನೆ ಮಾಮಿ ಒಂದು ದಿನ ಹಾರ್ಲಿಕ್ಸ್ ಬಾಟ್ಲಿ ಹಿಡ್ಕೊಂಡು ನನ್ನನ್ನು ನೋಡ್ಲಿಕ್ಕೆ ಬಂದ್ರು. ಕೂತು, ತಲೆಯಿಂದ ಕಾಲಿನವರೆಗೆ ಅಳತೆ ತೆಗೆದ್ರು.

"ಎಷ್ಟು ಇಳಿದಿದ್ದೀ!"

"ಐವತ್ತಾರು ಪೌಂಡು ಮಾಮಿ."

"ಅಮ್ಮಾಡಿ! ಎಷ್ಟು ತಿಂಗಳಲ್ಲಿ?"

ಅವರ ದನಿಯಲ್ಲಿದ್ದದ್ದು ಮರುಕ ಅಲ್ಲ, ಹೊಟ್ಟೆಕಿಚ್ಚು! ಆಮೇಲೆ ಕುರ್ಚಿ ಹತ್ರ ಎಳೆದು ಗುಟ್ಟಲ್ಲಿ ಕೇಳಿದ್ರು: "ಆ ಡಾಕ್ಟರ ವಿಳಾಸ ಕೊಡ್ತೀಯಾ? ನಮ್ಮ ಹುಡುಗಿಗೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ ಮಾಡ್ಬೇಕು. ನೋಡ್ಲಿಕ್ಕೆ ಬಂದ ನಾಲ್ಕು ಗಂಡುಗಳೂ ಕೇಸರಿಬಾತ್ ತಿಂದು, 'ಹುಡುಗಿ ಸ್ವಲ್ಪ ದಪ್ಪ' ಅಂತ ಹೇಳಿ ಹೋದ್ರು. ಅವಳಿಗೂ ನಿನ್ನ ಹಾಗೆ ಸ್ವಲ್ಪ ಕತ್ತರಿಸಿಬಿಟ್ರೆ?"

"ಮಾಮಿ, ಇದು ರವಿಕೆ ಅಲ್ಲ. ಏನು ತಿಂದ್ರೂ ನಿಲ್ಲೋದಿಲ್ಲ. ದಿನಕ್ಕೆ ಐದು ಸಲ..."

ಮಾತು ಮುಗಿಸ್ಲಿಕ್ಕೆ ಆಗ್ಲಿಲ್ಲ. ಅವರು ತಲೆಗೆ ಹಾಕಿದ್ದ ಎಣ್ಣೆ ಮತ್ತು ಮಲ್ಲಿಗೆ ಎರಡೂ ಸೇರಿ ಮೂಗಿಗೆ ಬಡಿದು, ಪಕ್ಕದಲ್ಲಿದ್ದ ಬಕೀಟಿಗೆ ಬಗ್ಗಿದೆ. ಕರುಳು ಬಾಯಿಗೆ ಬಂದ ಹಾಗೆ ಕಾರಿದೆ. ತಲೆ ಎತ್ತಿದ್ರೆ ಮಾಮಿ ಅಲ್ಲೇ ಕೂತಿದ್ದಾರೆ, ಮುಖ ಒಂಚೂರೂ ಕದಲಿಲ್ಲ.

"ಇಷ್ಟೇ ತಾನೆ?" ಅಂದ್ರು. "ನಮ್ಮವಳಿಗೆ ಬಸ್ಸು ಹತ್ತಿದ್ರೂ ಬರ್ತದೆ. ವಿಳಾಸ ಬರ್ಕೊಡು."

ಮೂರು: ಪಂಕ್ತಿ

ಮಾವನ ಕಡೆಯ ಒಂದು ಮಾಣಿಯ ಮುಂಜಿ, ಛತ್ರದಲ್ಲಿ ಊಟ. "ನಾನು ಬರೋದಿಲ್ಲ" ಅಂದೆ. "ಬಾರದಿದ್ರೆ ಸತ್ತೇ ಹೋದ ಅಂತ ತಿಳ್ಕೊಳ್ತಾರೆ" ಅಂತ ಅತ್ತೆ ಎಳ್ಕೊಂಡು ಹೋದ್ರು.

ನಮ್ಮಲ್ಲಿ ಪಂಕ್ತಿಯ ನಿಯಮ ಗೊತ್ತಲ್ಲ? ಮೊದಲ ಎಲೆಯ ಹಿರಿಯರು ಏಳುವವರೆಗೆ ಯಾರೂ ಏಳ್ಬಾರದು. ಎದ್ರೆ ಎಲ್ಲರ ಊಟ ಅಲ್ಲಿಗೇ ಮುಗೀತು. ಅವತ್ತು ಮೊದಲ ಎಲೆಯಲ್ಲಿದ್ದದ್ದು ಎಂಬತ್ತು ದಾಟಿದ ದೊಡ್ಡಜ್ಜ. ಬಾಯಲ್ಲಿ ಒಂದೂ ಹಲ್ಲಿಲ್ಲ, ಅವಸರ ಅಂತೂ ಹುಟ್ಟಿದಾಗಿಂದ ಇಲ್ಲ.

ನಾನು ಎಲೆಗೆ ಅಡ್ಡ ಕೈ ಇಟ್ಟು ಕೂತಿದ್ದೆ. ಬಡಿಸುವ ಭಟ್ರು ಕೈ ಸಂದಿಯಲ್ಲೇ ಪಾಯಸ ಸುರಿದ್ರು. "ಒಂದೇ ಸೌಟು ಮಾರಾಯ, ಶುಭಕಾರ್ಯ!" ಪಕ್ಕದಲ್ಲಿದ್ದ ಮಾವ ಮೊಣಕೈಯಲ್ಲಿ ತಿವಿದ್ರು. ತಿಂದೆ. ಮೂರರಲ್ಲೊಂದು ಹೊಟ್ಟೆಗೆ ಸಿಹಿ ಬಿದ್ರೆ ಏನಾಗ್ತದೆ ಅಂತ ಭಟ್ರಿಗೆ ಗೊತ್ತಿಲ್ಲ. ಐದು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ನೀರು, ಕಣ್ಣು ಕತ್ತಲೆ.

"ಮಾವ, ಏಳ್ತೇನೆ."

"ಮುಚ್ಕೊಂಡು ಕೂತ್ಕೊ. ಇನ್ನೂ ಹೋಳಿಗೆ ಬರ್ಲಿಲ್ಲ."

ದೊಡ್ಡಜ್ಜನ್ನ ನೋಡಿದೆ. ಅಜ್ಜ ಸಾರಿಗೆ ಇನ್ನೊಂದು ಸಲ ಅನ್ನ ಹಾಕಿಸ್ಕೊಂಡು, ತಮ್ಮ ಮುಂಜಿಯ ಕತೆ ಶುರು ಮಾಡಿದ್ರು. ಅದು ಬ್ರಹ್ಮೋಪದೇಶಕ್ಕೆ ಬರುವಷ್ಟರಲ್ಲಿ ನನ್ನದು ಗಂಟಲಿಗೆ ಬಂದಿತ್ತು. ಬಾಯಿಗೆ ಶಲ್ಯ ಒತ್ಕೊಂಡು ಎದ್ದು ಓಡಿದೆ.

ನಲವತ್ತು ಜನ ಹಾಗೇ ಕೈ ನಿಲ್ಲಿಸಿದ್ರು. ಅದೇ ಹೊತ್ತಿಗೆ ಹೋಳಿಗೆ ಬುಟ್ಟಿ ಬಾಗಿಲಿಗೆ ಬಂದು, ತುಪ್ಪದ ಗಿಂಡಿ ಸಮೇತ ವಾಪಸು ಹೋಯ್ತಂತೆ. ಬಾವಿಕಟ್ಟೆಯಲ್ಲಿ ಕಾರ್ತಾ ಇದ್ದ ನನಗೆ ದೊಡ್ಡಜ್ಜನ ಗುಡುಗು ಕೇಳಿಸ್ತು:

"ಅವನಿಗೆ ಹೊಟ್ಟೆ ಇಲ್ಲ, ಸರಿ. ನಮಗೆ ಉಂಟಲ್ಲ!"

ನಾಲ್ಕು: ಮದ್ದು

ಮೂರು ವಾರ ಆದ್ರೂ ಒಂದು ಪೌಂಡೂ ಏರ್ಲಿಲ್ಲ. ಕನಸಲ್ಲಿ ಟೈಲರನ ಚಪ್ಪಲಿ ಕಾಣ್ತಿತ್ತು. ಡ್ರೆಸಿಂಗಿಗೆ ಹೋದಾಗ ಕೇರಳದ ನರ್ಸಮ್ಮನ ಹತ್ರ ಅತ್ತೇಬಿಟ್ಟೆ. ಆಕೆ ಸುತ್ತ ನೋಡಿ ಮೆಲ್ಲಗೆ, "ಮೊಟ್ಟೆ ತಿಂದು ನೋಡು" ಅಂದ್ಲು.

ಮಾರನೇ ದಿನ, "ಸಮುದ್ರದ ಗಾಳಿಗೆ ಹೋಗ್ತೇನೆ" ಅಂತ ಹೇಳಿ ಅಡ್ಯಾರ್ ಬಸ್ಸು ಹತ್ತಿದೆ. ನಮ್ಮವರು ಯಾರೂ ಸುಳಿಯದ ಕಡೆ ಒಂದು ಟೀ ಅಂಗಡಿ. ಬೇಯಿಸಿದ ಮೊಟ್ಟೆ, ಮೇಲೆ ಮೆಣಸಿನ ಪುಡಿ. ಏಳು ತಲೆಮಾರಿನವರನ್ನೆಲ್ಲ ನೆನೆದು, ಕಣ್ಣು ಮುಚ್ಚಿ ನುಂಗಿದೆ. ಬೆಂಚಲ್ಲಿ ಮಲಗಿ ಕಾದೆ. ಬರ್ಲಿಲ್ಲ. ಅರ್ಧ ಗಂಟೆ ಆಯ್ತು, ಬರ್ಲೇ ಇಲ್ಲ. ಮಾವನ ತುಪ್ಪ, ಇಡ್ಲಿ, ಮಡಿಯಲ್ಲಿ ಮಾಡಿದ ಗಂಜಿ ಯಾವುದನ್ನೂ ಇಟ್ಕೊಳ್ಳದ ಹೊಟ್ಟೆ ಇದನ್ನು ಮನೆ ಅಳಿಯನ ಹಾಗೆ ಕೂರಿಸ್ಕೊಂಡಿತು. ದಿನಾ ಎರಡು ಶುರು ಮಾಡಿದೆ. ಗುಟ್ಟು ಗೊತ್ತಿದ್ದದ್ದು ನರ್ಸಮ್ಮನಿಗೆ ಮಾತ್ರ.

ಮುಖಕ್ಕೆ ಕಳೆ ಬಂತು. ಮಾವ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳ್ಲಿಕ್ಕೆ ಹಿಡಿದ್ರು: "ನೋಡಿ ಹುಡುಗನ್ನ! ಎಲ್ಲ ನಮ್ಮ ಹೋಟೆಲಿನ ಇಡ್ಲಿಯ ಗುಣ." ಛತ್ರಿ ಬಿಚ್ಚಿ ಹೋದ ಗುಮಾಸ್ತರೂ ವಾಪಸು ಬಂದ್ರು.

ಆರನೇ ವಾರ ಮಾವ ತಾವೇ ನನ್ನನ್ನು ಡಾಕ್ಟರ ಹತ್ರ ಕರ್ಕೊಂಡು ಹೋದ್ರು, ಹೊಗಳಿಕೆ ಸ್ವೀಕಾರಕ್ಕೆ. ನಾನು ತೂಕದ ಯಂತ್ರ ಹತ್ತಿದೆ. ಮುಳ್ಳು ಅಲ್ಲಾಡಿ ನಿಂತಿತು.

"ಐದು ಪೌಂಡು ಏರಿದ್ದಿ, ಇನ್ನು ಮೂರು ಬೇಕು. ಹೀಗೇ ಏರ್ತಾ ಹೋದ್ರೆ ಕತ್ತಿ ಬೇಡ. ನಿಂತ್ರೆ ಮತ್ತೆ ಟೇಬಲ್ಲೇ," ಅಂದ್ರು ಡಾಕ್ಟರು. ಮಾವ ಇಡ್ಲಿ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಅವರ ಬೆನ್ನು ತಟ್ಟಿ, "ನರ್ಸ್ ಹೇಳಿದ್ಲು. ನಿಮ್ಮಂಥ ಆಚಾರದವರು ಮೊಟ್ಟೆ ಕೊಡ್ತಿದ್ದೀರಲ್ಲ, ಮೆಚ್ಚಿದೆ! ಎರಡು ಸಾಲದು, ನಾಲ್ಕು ಮಾಡಿ" ಅಂದ್ರು.

ಮಾವನ ಮುಖ ಆಗ ನನ್ನ ಆಪರೇಷನ್ ದಿನದ ಮುಖದ ಹಾಗಾಯ್ತು. ಬಸ್ಸಲ್ಲಿ ಪಕ್ಕದಲ್ಲೇ ಕೂತ್ರು, ಮಧ್ಯ ಒಂದು ಗೇಣು ಜಾಗ ಬಿಟ್ಟು. ಇವತ್ತು ನನ್ನನ್ನು ರೈಲು ಹತ್ತಿಸಿ ಊರಿಗೆ ಕಳಿಸ್ತಾರೆ, ಅಲ್ಲಿ ಮೊಟ್ಟೆ ಇಲ್ಲ, ಮುಳ್ಳು ನಿಲ್ತದೆ, ಆಮೇಲೆ ಟೇಬಲ್ಲು ಅಂತ ನಾನು ಲೆಕ್ಕ ಹಾಕ್ತಾ ಇದ್ದೆ. ಮೈಲಾಪುರದ ಕೆರೆ ಕಂಡಾಗ ಅವರು ಗಂಟಲು ಸರಿ ಮಾಡಿದ್ರು.

"ಇನ್ನು ಎಷ್ಟು ಅಂದ್ರು ಡಾಕ್ಟ್ರು?"

"ಮೂರು ಪೌಂಡು, ಮಾವ."

"ಹಾಂ. ಆ ಮೂರು ಏರುವವರೆಗೆ ಅದು ಮದ್ದು. ನಾಲ್ಕನೇ ಪೌಂಡು ಏರ್ತೋ, ಅದು ಮೊಟ್ಟೆ. ಅವತ್ತು ಮನೆ ಮೆಟ್ಟಲು ಹತ್ಬೇಡ."