ಯಜಮಾನರ ಕಾಲರಿಗೆ ಸಿಕ್ಕಿಸಿದ ಮೈಕು

ಮದುವೆಯನ್ನು ಅನಾಮತ್ತಾಗಿ ಎತ್ತಿ ತಂದು ಅಜ್ಜಿಯ ಮಂಚದ ಪಕ್ಕದಲ್ಲಿ ಇಳಿಸುತ್ತೇನೆ ಎಂದು ಮಾತು ಕೊಟ್ಟವಳು ನಾನೇ. ಯಾರೂ ಬಲವಂತ ಮಾಡಿರಲಿಲ್ಲ. ಮದುಮಗಳು ನಮ್ಮ ಮನೆಗೆ ಬಂದು ಕೇಳಿದ್ದು ಇಷ್ಟೇ:

"ಆಂಟಿ, ನನ್ನನ್ನ ಸಾಕಿ ಬೆಳೆಸಿದ್ದು ನಮ್ಮಜ್ಜಿ. ಸೊಂಟ ಮುರ್ಕೊಂಡು ಆಸ್ಪತ್ರೇಲಿ ಮಲಗಿದ್ದಾರೆ. ಬೇರೆ ಯಾರು ನೋಡದಿದ್ರೂ ಪರವಾಗಿಲ್ಲ, ಅಜ್ಜಿ ಅಲ್ಲಿಂದ್ಲೇ ನನ್ನ ಮದುವೆ ನೋಡೋ ಹಾಗೆ ಮಾಡಕ್ಕಾಗುತ್ತಾ?"

"ನೋಡೋದೇನು, ಮೊದಲನೇ ಸಾಲಲ್ಲಿ ಕೂತ ಹಾಗಿರುತ್ತೆ. ನನ್ನ ಕಣ್ಣಿಂದ ಇದುವರೆಗೂ ಏನೂ ತಪ್ಪಿಸ್ಕೊಂಡಿಲ್ಲಮ್ಮ," ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ವಿನಯ ಒಂದನ್ನು ಬಿಟ್ಟು ಎಲ್ಲವನ್ನೂ ಕಲಿಸಿದ್ದರು.

ಮದುವೆ ಮತ್ತು ಸಾರ್ವಜನಿಕ ಕಾಮಗಾರಿ, ಇವೆರಡನ್ನೂ ವಿಡಿಯೋ ಮಾಡುವುದು ನನ್ನ ಕಸುಬು. ವಾರದ ಕೊನೆಗೆ ಹೂವಿನ ಕೆಳಗೆ ನಿಂತ ಜೋಡಿ, ವಾರದ ನಡುವೆ ಹೊಸ ಪೈಪಿನ ಪಕ್ಕ ನಿಂತ ಅಧ್ಯಕ್ಷರು. ಬಡಾವಣೆಯ ಸಂಘದವರು ಗಿಡ ನೆಡುವಾಗ ನಾನು "ನೆರಳು ಬಿತ್ತು ಸಾರ್, ಇನ್ನೊಂದು ಸಲ" ಎಂದಾಗಲೆಲ್ಲ ಅಧ್ಯಕ್ಷರು ಅದೇ ಸಸಿಯನ್ನು ಕಿತ್ತು ನೆಟ್ಟು, ಕಿತ್ತು ನೆಟ್ಟು, ಕೊನೆಗೆ ಸಸಿಯೇ ಕೈಮುಗಿದು ಮಲಗಿಬಿಟ್ಟದ್ದೂ ನನ್ನ ಸಂಗ್ರಹದಲ್ಲಿದೆ. ಎರಡು ಕಡೆಯೂ ಕಷ್ಟ ಒಂದೇ. ಬೇಕಾದವರನ್ನು ಬಿಟ್ಟು ಮಿಕ್ಕವರೆಲ್ಲ ಕ್ಯಾಮೆರಾ ಮುಂದೆ ಬರುತ್ತಾರೆ.

ನಮ್ಮೆಜಮಾನರು ಮನೆಯಲ್ಲಿ ಯಜಮಾನರು, ಕೆಲಸದಲ್ಲಿ ನನ್ನ ಅಸಿಸ್ಟೆಂಟು. ಮನೆಯಲ್ಲೂ ಅಸಿಸ್ಟೆಂಟೇ ಎನ್ನುವುದು ಅವರ ಅಹವಾಲು. ಟ್ರೈಪಾಡ್ ಹೊರುವುದು, ಲೈಟು ಹಿಡಿಯುವುದು, ಮೈಕು ಕಾಯುವುದು ಅವರ ಖಾತೆಗಳು. ಮೈಕೆಂದರೆ ಮಾತಾಡುವವರ ಬಟ್ಟೆಗೆ ಸಿಕ್ಕಿಸುವ, ಕಡಲೆಬೀಜದಷ್ಟು ದೊಡ್ಡದು. ಒಮ್ಮೆ ಇವರ ಅಂಗಿಯ ಜೇಬಿನಲ್ಲೇ ಉಳಿದು, ಅಂಗಿಯ ಜೊತೆ ವಾಷಿಂಗ್ ಮಷೀನಿಗೆ ಹೋಗಿ, ಪರಿಶುದ್ಧವಾಗಿ ಹೊರಬಂದು, ಆಮೇಲೆ ಆಜನ್ಮ ಮೌನವ್ರತ ಹಿಡಿಯಿತು. ಅಂದೇ ನಾನು ಕಾನೂನು ಮಾಡಿದೆ: "ಕೈಗೆ ಬಂದ ಮೈಕನ್ನ ಜೇಬಿಗೆ ಹಾಕಬಾರದು. ಕಾಲರಿಗೆ ಸಿಕ್ಕಿಸ್ಕೊಳಿ."

ಮದುವೆಯ ದಿನ ಎಲ್ಲವೂ ಸಾಂಗವಾಗಿ ಶುರುವಾಯಿತು. ಆಸ್ಪತ್ರೆಯಲ್ಲಿ ಅಜ್ಜಿಯ ಫೋನಿಗೆ ನೇರಪ್ರಸಾರ ತಲುಪುತ್ತಿತ್ತು. ಬಂಧುಗಳಿಗೂ ಆ ಲಿಂಕ್ ಹೋಗಿತ್ತು. ಪ್ರಸಾರದ ದನಿಯೆಲ್ಲ ಹೊಸದಾಗಿ ಕೊಂಡ ಒಂದೇ ಮೈಕಿನಿಂದ. ಹುಡುಗನ ತಂದೆ ಮೈಕು ಧರಿಸಿ ಸ್ವಾಗತ ಕೋರಿದರು. ನಮ್ಮೆಜಮಾನರು ಅದನ್ನು ಅವರ ಕೋಟಿನಿಂದ ಬಿಡಿಸಿದರು. ಬಿಡಿಸಿ ಹುಡುಗನಿಗೆ ಹಾಕಬೇಕಿತ್ತು. ಹುಡುಗ ಇನ್ನೂ ಬಂದಿರಲಿಲ್ಲವಾದ್ದರಿಂದ ಕಾನೂನಿನ ಪ್ರಕಾರ ತಮ್ಮ ಕಾಲರಿಗೆ ಸಿಕ್ಕಿಸಿಕೊಂಡರು. ಅಷ್ಟರಲ್ಲಿ ಕ್ಯಾಮೆರಾ ಮುಂದೆ ಒಂದು ಬೃಹತ್ ತುರುಬು ಉದಯಿಸಿತು. ನಾನು ಇವರನ್ನು ಕೈಸನ್ನೆ ಮಾಡಿ ಕರೆದೆ. ಮೈಕೂ ಜೊತೆಯಲ್ಲೇ ಬಂತು.

ಮೈಮೇಲೆ ಮೈಕಿತ್ತು, ಎಚ್ಚರವಿರಲಿಲ್ಲ. ನನ್ನ ಹೆಡ್‌ಫೋನು ಕಿವಿಯ ಮೇಲಿದ್ದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆದರೆ ಕೂದಲು ಕೆಡುತ್ತದೆಂದು ಅದನ್ನು ಡಾಕ್ಟರ ಸ್ಟೆತಾಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡಿದ್ದೆ.

"ರೀ, ನಂಗೇನೂ ಕಾಣ್ತಿಲ್ಲ. ಅದ್ಯಾರು, ತಲೆ ಮೇಲೆ ನೀರಿನ ಟ್ಯಾಂಕ್ ಕಟ್ಟಿಸ್ಕೊಂಡು ನಿಂತಿರೋರು?"

"ಹುಡುಗನ ಸೋದರತ್ತೆ ಕಣೇ. ಮೆಲ್ಲಗೆ ಮಾತಾಡು."

"ಮೆಲ್ಲಗೇ ಆಡ್ತಿದ್ದೀನಿ. ನೀವು ಎತ್ತರ ಇದ್ದೀರಿ, ಏನಾಗ್ತಿದೆ ನೋಡಿ ಹೇಳಿ. ನಾನು ಆ ಕಡೆ ತಿರುಗಿಸ್ತೀನಿ."

"ಹುಡುಗಿ ಬಂದ್ಲು. ಬಾಗಿಲ ಹತ್ರ. ತಿಳಿಹಳದಿ ಬಟ್ಟೆ, ಕೈಯಲ್ಲಿ ಬಿಳಿ ಹೂವು. ಪಾಪ, ಬೆರಳು ನಡುಗ್ತಿದೆ."

"ಬಲಕ್ಕೆ ಸರೀರಿ. ಒಳ್ಳೇ ಕಂಬದ ಹಾಗೆ ನಿಂತಿದ್ದೀರಲ್ಲ. ಹುಡುಗ ಎಲ್ಲಿ?"

"ಅಗೋ, ಓಡಿ ಬಂದ. ಬೂಟಿನ ಲೇಸು ಬಿಚ್ಚಿಹೋಗಿದೆ. ಅವಳೇ ನೋಡಿ ಹೇಳಿದ್ಲು, ಇಬ್ರೂ ನಗ್ತಿದ್ದಾರೆ. ಈಗ ಉಂಗುರ."

ಫ್ಯಾನುಗಳ ಸದ್ದಿನಲ್ಲಿ ನನಗೆ ಏನೂ ಕೇಳಿಸದು, ಇವರ ಕಿವಿ ಚುರುಕು. "ಏನಂದ?"

"'ನಿನ್ನ ಕೈ ಬಿಡಲ್ಲ' ಅಂದ."

"ಅವಳು?"

"'ನೀನು ಬಿಟ್ರೂ ನಾನು ಬಿಡಲ್ಲ' ಅಂದ್ಲು. ಗಟ್ಟಿಗಿತ್ತಿ."

"ನಮ್ಮ ಮದುವೆ ದಿನ ನೀವು ನನ್ನ ಹತ್ರ ಆಡಿದ ಮೊದಲನೇ ಮಾತು ಜ್ಞಾಪಕ ಇದೆಯಾ? 'ಊಟ ಎಷ್ಟು ಹೊತ್ತಿಗೆ' ಅಂತ."

"ಮಾತಿಗೆ ತಪ್ಪಿದೀನಾ? ಇವತ್ತಿಗೂ ದಿನಾ ಕೇಳ್ತಿಲ್ವಾ?"

ಉಂಗುರ ಮುಗಿದು, ಸಹಿ ಮುಗಿದು, ಚಪ್ಪಾಳೆ ಮುಗಿಯುವ ಹೊತ್ತಿಗೆ ಆ ತುರುಬು ನನ್ನತ್ತ ತಿರುಗಿತು. ಅದರ ಕೆಳಗೊಂದು ಮುಖವೂ ಇತ್ತು. ಸೋದರತ್ತೆ ಹತ್ತಿರ ಬಂದು ತಮ್ಮ ಫೋನನ್ನು ನನ್ನ ಕಿವಿಗೆ ಹಿಡಿದರು. ಬೇರೆ ಊರಿನಲ್ಲಿ ನೇರಪ್ರಸಾರ ನೋಡುತ್ತಿದ್ದ ಅವರ ಮಗ ಒಂದು ತುಣುಕನ್ನು ಕತ್ತರಿಸಿ ಕಳಿಸಿದ್ದ. ಒಳಗೆ ನಾನೇ ಮಾತಾಡುತ್ತಿದ್ದೆ, ನೀರಿನ ಟ್ಯಾಂಕಿನ ವಿಷಯ. ಒಂದು ಮಾತು ಒಪ್ಪಲೇಬೇಕು, ಧ್ವನಿಮುದ್ರಣ ಅತ್ಯುತ್ತಮವಾಗಿತ್ತು.

"ಟ್ಯಾಂಕು ನಂದೇ ತಾನೆ?" ಎಂದರು ಸೋದರತ್ತೆ. "ನೀರು ಬಂದಾಗ ಹೇಳಿ ಕಳಿಸ್ತೀನಿ. ಬಿಂದಿಗೆ ತಗೊಂಡು ಬನ್ನಿ."

ನಾನು ಇವರ ಕಾಲರಿನತ್ತ ನೋಡಿದೆ. ಇವರೂ ತಮ್ಮ ಕಾಲರಿನತ್ತ ನೋಡಿಕೊಂಡರು. ಮೈಕಿನ ಹಸಿರು ದೀಪ ಮಿಣುಕುತ್ತಿತ್ತು.

"ಜೇಬಿಗೆ ಹಾಕಬೇಡಿ ಅಂದೋಳು ನೀನೇ ಅಲ್ವಾ?" ಎಂದರು. ಪ್ರಸಾರ ಇನ್ನೂ ನಿಂತಿರಲಿಲ್ಲವಾದ್ದರಿಂದ ಅದೂ ಎಲ್ಲರಿಗೂ ತಲುಪಿತು.

ಸೋದರತ್ತೆಯ ಬೈಗುಳವನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಹೋದದ್ದು ಮದುಮಗಳ ಪ್ರಶ್ನೆ. ಯಾರೋ ಅವಳಿಗೆ ವಿಷಯ ಹೇಳಿದ್ದರು. ಬಂದವಳು ಬೈಯಲಿಲ್ಲ, ಕೂಗಾಡಲಿಲ್ಲ. "ಹಾಗಾದ್ರೆ ಅಜ್ಜಿಗೆ ನನ್ನ ದನಿ ಕೇಳಿಸ್ಲೇ ಇಲ್ವಾ ಆಂಟಿ?" ಎಂದಳು. ಆ ಒಂದು ಕೆಲಸಕ್ಕೆಂದೇ ಅವಳು ನನ್ನನ್ನು ಕರೆಸಿದ್ದಳು.

ಅಜ್ಜಿಯ ಆಶೀರ್ವಾದಕ್ಕೆಂದು ಹೊರಟ ಮದುಮಕ್ಕಳ ಹಿಂದೆಯೇ ನಾವೂ ಊಟ ಬಿಟ್ಟು ಆಸ್ಪತ್ರೆಗೆ ಹೋದೆವು. ಊಟ ಬಿಟ್ಟರು ಎಂದರೆ ನಮ್ಮೆಜಮಾನರಿಗೆ ಎಷ್ಟು ನೋವಾಗಿತ್ತೆಂದು ನೀವೇ ಊಹಿಸಿ. ದಾರಿಯುದ್ದಕ್ಕೂ ಇಬ್ಬರೂ ಪಿಟಕ್ಕೆನ್ನಲಿಲ್ಲ. ಮೈಕಿಲ್ಲದಾಗ ನಮಗೆ ಮೌನ ಚೆನ್ನಾಗಿಯೇ ಬರುತ್ತದೆ.

ಕಿಟಕಿ ಪಕ್ಕದ ಮಂಚದಲ್ಲಿ ಅಜ್ಜಿ ಮಲಗಿದ್ದರು. ಫೋನು ಅವರ ಕಣ್ಣೆದುರಿಗಿರಲಿಲ್ಲ, ದಿಂಬಿನ ಮೇಲೆ, ಕಿವಿಗೆ ಒತ್ತಿಕೊಂಡಿತ್ತು. ಮದುಮಗಳು ಅವರ ಎದೆಗೆ ಮುಖ ಒತ್ತಿದಳು. ನಾನು ಮಂಚದ ಹತ್ತಿರ ಹೋದೆ.

"ಅಜ್ಜಿ, ವಿಡಿಯೋ ಮಾಡಿದೋಳು ನಾನು. ದೊಡ್ಡ ತಪ್ಪಾಗಿದೆ."

ಅಜ್ಜಿ ನನ್ನ ದನಿ ಬಂದ ಕಡೆಗೆ ತಲೆ ತಿರುಗಿಸಿದರು. "ನೀನೇ ಅಲ್ವೇನಮ್ಮ, ಬಲಕ್ಕೆ ಸರೀರಿ ಅಂದೋಳು? ಎಲ್ಲಿ, ನಿನ್ನ ಕಂಬ ಬಂದಿದ್ಯಾ?"

ಕಂಬ ಮುಂದೆ ಬಂದಿತು. ಅಜ್ಜಿ ಗಾಳಿಯಲ್ಲಿ ತಡಕಿ ಅವರ ಕೈ ಹಿಡಿದುಕೊಂಡರು.

"ಸೊಂಟದ ಸುದ್ದಿ ಊರಿಗೆಲ್ಲ ಗೊತ್ತು, ಕಣ್ಣಿನ ಸುದ್ದಿ ಯಾರಿಗೂ ಹೇಳಿಲ್ಲ. ಎದುರಿಗೆ ನಿಂತೋರು ನೆರಳಿನ ಹಾಗೆ ಕಾಣ್ತಾರೆ. ಇನ್ನು ಈ ಅಂಗೈಯಷ್ಟಗಲದ ಡಬ್ಬೀಲಿ ನನಗೇನಪ್ಪ ಕಂಡೀತು? ಹೇಳಿದ್ರೆ ಇವಳು ಮದುವೇನೇ ಮುಂದಕ್ಕೆ ಹಾಕ್ತಿದ್ಲು. ಸುಮ್ನೆ ಗದ್ದಲ ಕೇಳ್ಕೊಂಡು ಮಲಗಿರೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀನು ಹೇಳೋಕೆ ಶುರು ಮಾಡ್ದೆ. ಹಳದಿ ಬಟ್ಟೆ, ಬಿಳಿ ಹೂವು. ಬೆರಳು ನಡುಗ್ತಿದೆ ಅಂದೆಯಲ್ಲ, ಆಗ ನನ್ನ ಮನಸ್ಸು ತಣ್ಣಗಾಯ್ತು. ಖುಷಿ ಜಾಸ್ತಿ ಆದ್ರೆ ಇವಳಿಗೆ ಚಿಕ್ಕಂದಿನಿಂದ್ಲೂ ಹಾಗೇ."

ಮದುಮಗಳು ತನ್ನ ಬೆರಳುಗಳನ್ನು ಅಜ್ಜಿಯ ಅಂಗೈಯೊಳಗೆ ಇಟ್ಟು, "ನಾನು ಏನಂದೆ ಅಂತಲೂ ಗೊತ್ತಾ ಅಜ್ಜಿ?" ಎಂದಳು.

"ಅವನು ಬಿಟ್ರೂ ನೀನು ಬಿಡಲ್ಲ. ಸರಿಯಾಗೇ ಹೇಳಿದ್ದೀಯ."

ನಾನು ಕಿಟಕಿಯ ಹೊರಗೆ ನೋಡಿದೆ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಇಷ್ಟು ವರ್ಷ ನಮ್ಮೆಜಮಾನರ ಗೊಣಗಾಟವನ್ನು ಸಹಿಸಿಕೊಂಡಿದ್ದೇನೆಂದು ಎಲ್ಲರೆದುರು ಹೇಳಿಕೊಂಡು ತಿರುಗಿದವಳು ನಾನು. ಆ ಗೊಣಗಾಟಕ್ಕೆ ಮನಸ್ಸಿನಲ್ಲೇ ಒಂದು ದೊಡ್ಡ ನಮಸ್ಕಾರ ಹಾಕಿದೆ. ಅಡ್ಡ ನಿಂತ ಸೋದರತ್ತೆಗೆ ಇನ್ನೊಂದು. ಅವರು ಪಕ್ಕಕ್ಕೆ ಸರಿದಿದ್ದರೆ ನಾನು ಇವರನ್ನು ಏನೂ ಕೇಳುತ್ತಿರಲಿಲ್ಲ, ಇವರು ಏನೂ ಹೇಳುತ್ತಿರಲಿಲ್ಲ.

ಹೊರಡುವಾಗ ಅಜ್ಜಿ ಕರೆದರು. "ನಾನು ಎದ್ದು ಓಡಾಡೋ ಹಾಗಾದ್ಮೇಲೆ ಇವಳ ಹೊಸ ಮನೆ ನೋಡೋಕೆ ಹೋಗ್ಬೇಕು. ನೀವಿಬ್ರೂ ಬರ್ಬೇಕು. ಇಲ್ಲ ಅನ್ಬಾರ್ದು."

ಕಸುಬಿನ ಅಭಿಮಾನ ಅಷ್ಟು ಸುಲಭಕ್ಕೆ ಸಾಯುವುದೇ? "ಖಂಡಿತ ಬರ್ತೀವಿ ಅಜ್ಜಿ. ಇದಕ್ಕಿಂತ ಒಳ್ಳೇ ಕ್ಯಾಮೆರಾ ತರ್ತೀನಿ," ಎಂದೆ.

"ಅದ್ಯಾಕಮ್ಮ?" ಎಂದರು ಅಜ್ಜಿ. "ಅದನ್ನ ಮನೇಲಿಟ್ಟು, ನಿನ್ನ ಗಂಡನ್ನ ಕರ್ಕೊಂಡು ಬಾ."